ಸುಣ್ಣದ ಗೆರೆಯ ಮೇಲೆ ವೆಂಡೆಲ್

ನಿವೃತ್ತಿಯ ದಿನ ಬಾಯಿ ಮುಚ್ಚಿಕೊಂಡು ಕೇಕ್ ತಿಂದಿದ್ದರೆ ವೆಂಡೆಲ್ ಸ್ಟ್ರೂಬಲ್‌ಗೆ ಈ ಗತಿ ಬರುತ್ತಿರಲಿಲ್ಲ. ಮೂವತ್ತೈದು ವರ್ಷ ಔಷಧದಂಗಡಿಯಲ್ಲಿ ನಿಂತ ಮನುಷ್ಯ. "ಇನ್ಮೇಲೆ ಏನ್ ಮಾಡ್ತೀಯ?" ಎಂದು ಯಾರೋ ಕೇಳಿದರು. ಏನಾದರೂ ಹೇಳಬೇಕಲ್ಲ, "ಚಿಕ್ಕವನಿದ್ದಾಗ ವಿಮಾನ ಹಾರಿಸ್ಬೇಕು ಅಂತಿತ್ತು" ಎಂದುಬಿಟ್ಟ. ಚಿಕ್ಕವನಿದ್ದಾಗ ಅವನಿಗೆ ಸರ್ಕಸ್ಸಿನಲ್ಲಿ ಆನೆ ನೋಡಿಕೊಳ್ಳಬೇಕು ಅಂತಲೂ ಇತ್ತು. ಅದನ್ನು ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಆನೆ ಸಾವಿರ ಅಡಿ ಮೇಲಕ್ಕೆ ಹೋಗುವುದಿಲ್ಲ.

ಹೆಂಡತಿ ಆರ್ಡಿತ್ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಳು. ಗಂಡನ ಜೀವಮಾನದ ಆಸೆ ಎಂದುಕೊಂಡು ಹಾರಾಟದ ಪಾಠಕ್ಕೆ ಸೇರಿಸಿದಳು. ಆಮೇಲೆ ಎರಡು ಸೀಟಿನ ಒಂದು ಹಳೆಯ ವಿಮಾನವನ್ನೂ ಕೊಡಿಸಿದಳು. ಅವನು ಮೊದಲ ಸಲ ಒಬ್ಬನೇ ಹಾರಿ ಇಳಿದ ದಿನ, ಹೊಸದಾಗಿ ಹಾರಿದವರಿಗೆಲ್ಲ ನೆನಪಿಗೆಂದು ಮಾಡುವ ಹಾಗೆ, ಕಲಿಸಿದಾಕೆ ವರ್ನಾ ಕತ್ತರಿ ತಂದು ಅವನ ಅಂಗಿಯ ಬೆನ್ನನ್ನು ಕತ್ತರಿಸಿಕೊಂಡಳು. ಬಟ್ಟೆ ಬೆವರಿಗೆ ಎಷ್ಟು ತೊಯ್ದಿತ್ತೆಂದರೆ ಕತ್ತರಿ ಸಲೀಸಾಗಿ ಓಡಲಿಲ್ಲ. ಆ ತುಂಡನ್ನು ಆರ್ಡಿತ್ ಒಗೆದು, ಇಸ್ತ್ರಿ ಮಾಡಿ, ಚೌಕಟ್ಟು ಹಾಕಿಸಿ ಸೋಫಾದ ಮೇಲಿನ ಗೋಡೆಗೆ ತೂಗುಹಾಕಿದಳು. ಅದನ್ನು ನೋಡಿದಾಗಲೆಲ್ಲ "ನಂಗೆ ಹಾರೋಕೆ ಭಯ ಕಣೇ" ಎನ್ನುವ ಮಾತು ವೆಂಡೆಲ್‌ನ ಗಂಟಲಲ್ಲೇ ಉಳಿದುಬಿಡುತ್ತಿತ್ತು. ಹೀಗೆ ಒಂದು ವರ್ಷ ಕಳೆಯಿತು.

ಈಗ ಜೂನ್ ತಿಂಗಳ ಶನಿವಾರ. ನೆಬ್ರಾಸ್ಕಾದ ಮೆಕ್ಕೆಜೋಳದ ಹೊಲಗಳ ನಡುವಿನ ಹುಲ್ಲುಮೈದಾನದಲ್ಲಿ ಡೇರೆ ಹಾಕಿ ಪ್ಯಾನ್‌ಕೇಕ್ ಸುಡುತ್ತಿದ್ದರು. ಅದು ವರ್ಷಕ್ಕೊಮ್ಮೆ ನಡೆಯುವ ವಿಮಾನ ಇಳಿಸುವ ಪಂದ್ಯದ ದಿನ. ಹುಲ್ಲಿನ ಮೇಲೆ ಅಡ್ಡಲಾಗಿ ಒಂದು ಸುಣ್ಣದ ಗೆರೆ. ಮೇಲಿರುವಾಗಲೇ ಎಂಜಿನ್ ತಗ್ಗಿಸಬೇಕು, ಒಮ್ಮೆ ತಗ್ಗಿಸಿದರೆ ಮತ್ತೆ ಏರಿಸುವಂತಿಲ್ಲ. ಗೆರೆಗಿಂತ ಮೊದಲೇ ಚಕ್ರ ತಾಗಿದರೆ ಔಟ್. ಗೆರೆಯಿಂದ ಮುಂದೆ ಎಷ್ಟು ಹತ್ತಿರ ತಾಗಿದರೆ ಅಷ್ಟು ಒಳ್ಳೆಯದು. ಗೆದ್ದವರಿಗೆ ಚಪ್ಪಾಳೆ. ಕೊನೆಯವರ ಕೊರಳಿಗೆ ಚಿನ್ನದ ಬಣ್ಣ ಬಳಿದ ಕಮೋಡಿನ ಸೀಟು, ಅದರ ಜೊತೆಗೆ ಮೂವತ್ತು ದಿನ ಬೆಳಗ್ಗೆ ಆರಕ್ಕೆ ವರ್ನಾಳ ಕಣ್ಣೆದುರು ಇಳಿಯುವ ಅಭ್ಯಾಸ. ಸೀಟನ್ನು ವೆಂಡೆಲ್ ಬೇಕಾದರೆ ವರ್ಷವಿಡೀ ಹೊರುತ್ತಿದ್ದ. ಆ ಮೂವತ್ತು ಬೆಳಗು ಮಾತ್ರ ಅವನಿಗೆ ಬೇಡವಾಗಿತ್ತು.

"ವೆಂಡೆಲ್, ಕೊರಳಿನ ಅಳತೆ ಕೊಡಯ್ಯ. ಸೀಟು ಬಿಗಿಯಾದ್ರೆ ಕಷ್ಟ," ಎಂದ ಲೈಲ್ ಪೋಸ್ಪಿಶಿಲ್. ಪಂದ್ಯದಲ್ಲಿ ಅವನೂ ಇದ್ದ, ಮೈದಾನದ ಪಕ್ಕದ ಹೊಲವೂ ಅವನದೇ. ಬಾಯಿಗೆ ಮಾತ್ರ ಬೇಲಿಯಿಲ್ಲ.

"ಸುಮ್ನಿರು ಲೈಲ್, ನಂಗೆ ಹೊಟ್ಟೆ ಸರಿ ಇಲ್ಲ."

"ಗೆರೆ ಮೇಲಿಂದ ಕಣ್ಣು ತೆಗೀಬೇಡ, ಅಷ್ಟೇ. ಅದರಲ್ಲಿ ಏನಿದೆ?"

"ಗೆರೆ ನೋಡಿದ್ಯೋ, ಕೆಟ್ಟೆ," ಎಂದಳು ವರ್ನಾ. ಎಪ್ಪತ್ತೊಂಬತ್ತರ ಮುದುಕಿ, ಯೌವನದಲ್ಲಿ ಹೊಲಗಳಿಗೆ ವಿಮಾನದಿಂದ ಔಷಧಿ ಹೊಡೆದವಳು. "ಗೆರೆಯ ಆಚೆ ನೋಡು. ಎತ್ತರ ಜಾಸ್ತಿ ಆಯ್ತಾ, ಮೂಗನ್ನ ಒಂದ್ ಕಡೆ, ರೆಕ್ಕೆಯನ್ನ ಇನ್ನೊಂದ್ ಕಡೆ ವಾಲಿಸಿ ಅಡ್ಡಕ್ಕೆ ಜಾರಿಸು. ವರ್ಷದಿಂದ ಬಡ್ಕೊಂಡೆ. ಮಾಡು ಅಂದಾಗಲೆಲ್ಲ ಕಣ್ಣು ಮುಚ್ಕೋತಿದ್ದೆ ನೀನು."

"ಇವತ್ತೂ ಮುಚ್ಕೋತೀನಿ ವರ್ನಾ, ನೀವು ಬೇಜಾರು ಮಾಡ್ಕೋಬೇಡಿ," ಎಂದ ವೆಂಡೆಲ್. ಅವನು ನಿಜ ಹೇಳಿದ್ದ. ಸುತ್ತಲಿದ್ದವರು ತಮಾಷೆಯೆಂದು ನಕ್ಕರು.

ಅಷ್ಟರಲ್ಲಿ ಆರ್ಡಿತ್ ಮಧ್ಯಾಹ್ನದ ಊಟಕ್ಕೆಂದು ಚೆರ್ರಿ ಹಣ್ಣು ತುಂಬಿ ಸುಟ್ಟ ಪೈ ತಂದು ಅವನ ಕೈಗಿಟ್ಟಳು. "ಲೈಲ್ ಕಣ್ಣಿಗೆ ಬೀಳದ ಕಡೆ ಇಡು. ಹೋದ ವರ್ಷ ಹನ್ನೊಂದು ಗಂಟೆಗೇ ಅರ್ಧ ಖಾಲಿ ಮಾಡಿದ್ದ." ಅವಳ ಮುಖ ಬಿಳಿಚಿಕೊಂಡಿತ್ತು. ಎದುರಿಗಿದ್ದ ಪ್ಯಾನ್‌ಕೇಕನ್ನು ಅವಳು ಮುಟ್ಟಿರಲಿಲ್ಲ. ನಾನು ಸೋತರೆ ಎಷ್ಟು ನೊಂದುಕೊಳ್ಳುತ್ತಾಳೋ ಎಂದು ವೆಂಡೆಲ್‌ಗೆ ಸಂಕಟವಾಯಿತು. ತವರದ ತಟ್ಟೆಯ ಸಮೇತ ಪೈಯನ್ನು ತನ್ನ ವಿಮಾನದ ಖಾಲಿ ಸೀಟಿನ ಮೇಲಿಟ್ಟ.

ಇಟ್ಟು ತಿರುಗಿದರೆ ಹಸಿರು ಟೋಪಿಯ ಅಪರಿಚಿತನೊಬ್ಬ ಅವನ ವಿಮಾನಕ್ಕೆ ಸುತ್ತು ಬರುತ್ತಿದ್ದಾನೆ. ಚಕ್ರ ಒತ್ತಿ ನೋಡಿದ, ರೆಕ್ಕೆ ತಟ್ಟಿದ, ಚೀಟಿಯಲ್ಲಿ ಏನೋ ಬರೆದುಕೊಂಡ, ಆಮೇಲೆ ಹೋಗಿ ಆರ್ಡಿತ್ ಪಕ್ಕದಲ್ಲೇ ನಿಂತ. ಲೈಸೆನ್ಸ್ ತಪಾಸಣೆಗೆ ಬಂದ ಸರ್ಕಾರದ ಮನುಷ್ಯನೇ ಇರಬೇಕು! ವೆಂಡೆಲ್ ಜೇಬಿನಲ್ಲಿದ್ದ ಲೈಸೆನ್ಸನ್ನು ತಡವಿ ನೋಡಿಕೊಂಡ.

"ಸ್ಟ್ರೂಬಲ್, ನಿನ್ನ ಸರದಿ," ಎಂದು ವರ್ನಾ ಕೂಗಿದಳು. ಅದುವರೆಗೆ ಆರು ಜನ ಇಳಿದಿದ್ದರು. ಅವರಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವನೂ ಗೆರೆಯಿಂದ ತೊಂಬತ್ತು ಅಡಿಗೆ ಇಳಿದಿದ್ದ. ವೆಂಡೆಲ್ ಒಳ್ಳೆಯ ದಿನದಲ್ಲಿ ಮುನ್ನೂರು ಅಡಿಗೆ ಇಳಿಯುವವನು. ಹಸಿರು ಟೋಪಿಯ ಕಡೆ ನೋಡುತ್ತಲೇ ಹತ್ತಿ ಕೂತ. ಪೈ ಪಕ್ಕದಲ್ಲಿರುವುದು ಅವನಿಗೆ ಮರೆತೇ ಹೋಗಿತ್ತು.

ಮೇಲೆ ಹೋಗಿ ಒಂದು ಸುತ್ತು ಬಂದು ಥ್ರಾಟಲ್ ಎಳೆದ. ಎಂಜಿನ್ನಿನ ಸದ್ದು ತಗ್ಗಿ, ರೆಕ್ಕೆಯ ಸುತ್ತ ಗಾಳಿ ಸುಯ್ ಎನ್ನುವುದು ಮಾತ್ರ ಕೇಳತೊಡಗಿತು. ಲೋಕದಲ್ಲಿ ವೆಂಡೆಲ್‌ಗೆ ಎಲ್ಲಕ್ಕಿಂತ ಹೆಚ್ಚು ಭಯವಿದ್ದುದು ಆ ಸದ್ದಿನದೇ. ಬೆನ್ನಿನ ಮೇಲೆ ಬೆವರು ಇಳಿಯಿತು. ಮೈದಾನಕ್ಕೆ ಮುಖ ಮಾಡಿ ನೋಡಿದರೆ ವಿಪರೀತ ಎತ್ತರದಲ್ಲಿದ್ದಾನೆ. ಹೀಗೇ ಹೋದರೆ ಗೆರೆಯನ್ನೂ ಡೇರೆಯನ್ನೂ ದಾಟಿ ಲೈಲ್‌ನ ಮೆಕ್ಕೆಜೋಳದೊಳಗೇ ಹೋಗಿ ನಿಲ್ಲಬೇಕು.

ಗಾಬರಿಯಿಂದ ಮೂಗು ತಗ್ಗಿಸಿದ. ಪಕ್ಕದ ಸೀಟಿನಲ್ಲಿ ಏನೋ ಸರ್ರೆಂದು ಜಾರಿತು.

ಪೈಯನ್ನು ಹಿಡಿಯಲು ಕೈ ಚಾಚಿ ವಾಲಿದಾಗ ಅವನ ಬಲಗಾಲು, ವಿಮಾನದ ಮೂಗನ್ನು ತಿರುಗಿಸುವ ಪೆಡಲನ್ನು ಪೂರ್ತಿ ಒತ್ತಿಬಿಟ್ಟಿತು. ಕಲಿಸುವವರಿಗೆಂದು ಆ ಕಡೆಯೂ ಒಂದು ಜೊತೆ ಪೆಡಲುಗಳಿದ್ದವು. ಇಲ್ಲಿ ಒತ್ತಿದರೆ ಅಲ್ಲಿಯೂ ಕದಲುವಂಥವು. ತಟ್ಟೆ ಕೆಳಗೆ ಬಿದ್ದು ಅಲ್ಲಿನ ಎಡ ಪೆಡಲಿನ ಸಂದಿಗೆ ಸಿಕ್ಕಿಕೊಂಡಿತು. ಈಗ ಎಡಗಾಲಲ್ಲಿ ಎಷ್ಟು ತುಳಿದರೂ ಪೆಡಲು ಜಗ್ಗಲೊಲ್ಲದು. ವಿಮಾನದ ಮೂಗು ಬಲಕ್ಕೆ ತಿರುಗಿಯೇ ನಿಂತಿತು. ಮಗುಚಿಯೇ ಹೋಗುತ್ತದೆಂದು ಹೆದರಿ ವೆಂಡೆಲ್ ಇದ್ದ ಬಲವನ್ನೆಲ್ಲ ಹಾಕಿ ರೆಕ್ಕೆಯನ್ನು ಎಡಕ್ಕೆ ವಾಲಿಸಿದ. ವಿಮಾನ ಏಡಿಯ ಹಾಗೆ ಅಡ್ಡಡ್ಡ ಸಾಗುತ್ತ ದಬದಬನೆ ಕೆಳಗಿಳಿಯತೊಡಗಿತು. ಪಕ್ಕದ ಕಿಟಕಿಯಲ್ಲಿ ನೇರವಾಗಿ ನೆಲವೇ ಕಂಡಿತು.

ಮುಗಿಯಿತು, ಅಂದುಕೊಂಡ. ಆರ್ಡಿತ್‌ಗೆ ನಿಜ ಹೇಳದೆಯೇ ಸಾಯುತ್ತಿದ್ದೇನಲ್ಲ ಎಂದು ಅಳು ಬಂತು. ನೆಲ ಕಾಲಿಗೆ ತಾಗುವಷ್ಟು ಹತ್ತಿರ ಬಂದಾಗ ಕಣ್ಣು ಮುಚ್ಚಿ, ಎಡ ಪೆಡಲನ್ನು ಎರಡೂ ಕಾಲಿನಿಂದ ಒದ್ದ. ತಟ್ಟೆ ಅಪ್ಪಚ್ಚಿಯಾಯಿತು. ಮೂಗು ನೆಟ್ಟಗಾಯಿತು. ದೊಪ್ಪೆಂದು ಚಕ್ರ ನೆಲ ಮುಟ್ಟಿತು.

ಕಣ್ಣು ತೆರೆದಾಗ ವಿಮಾನ ನಿಂತಿತ್ತು, ಜನ ಓಡಿ ಬರುತ್ತಿದ್ದರು. ಚಕ್ರಗಳ ಮೇಲೆ ಸುಣ್ಣ ಮೆತ್ತಿತ್ತು. ಹಿಂದೆ, ಸುಣ್ಣದ ಗೆರೆಯ ಸರೀ ಮಧ್ಯದಲ್ಲಿ ಚಕ್ರದ ಗುರುತು.

"ಸೊನ್ನೆ," ಎಂದಳು ವರ್ನಾ. ಟೇಪನ್ನು ಬಿಚ್ಚುವುದೇ ಬೇಕಾಗಲಿಲ್ಲ. "ನಲವತ್ತು ವರ್ಷದಲ್ಲಿ ಇಂಥ ಅಡ್ಡಜಾರು ನೋಡಿಲ್ಲ ಕಣಯ್ಯ. ಕಡೇ ಘಳಿಗೆವರೆಗೂ ಹಿಡಿದಿದ್ದೆಯಲ್ಲ, ಎಂಥ ಗುಂಡಿಗೆ ನಿಂದು."

"ನಂದೇನಿಲ್ಲ ವರ್ನಾ, ಪೈ ಮಾಡಿದ್ದು," ಎಂದ ವೆಂಡೆಲ್, ಹಲ್ಲು ಕಟಕಟಿಸುತ್ತ.

ಎಲ್ಲರೂ ಬಿದ್ದು ಬಿದ್ದು ನಕ್ಕರು. "ಗೆದ್ರೂ ಎಷ್ಟು ವಿನಯ ನೋಡ್ರೋ," ಎಂದು ಯಾರೋ ಅವನ ಬೆನ್ನು ತಟ್ಟಿದರು. ನಕ್ಕವರಲ್ಲಿ ಲೈಲ್ ಒಬ್ಬನಿರಲಿಲ್ಲ. ಅವನದು ಕೊನೆಯ ಸರದಿ. ಈ ಸೊನ್ನೆಯನ್ನು ಸರಿಗಟ್ಟಲೇಬೇಕೆಂಬ ಹೊಟ್ಟೆಕಿಚ್ಚಿನಲ್ಲಿ ತೀರಾ ತಗ್ಗಿನಲ್ಲಿ ಬಂದು, ಗೆರೆಗೆ ಆರು ಅಡಿ ಮುಂಚೆಯೇ ನೆಲ ಮುಟ್ಟಿ ಔಟಾಗಿ ಕೊನೆಯವನಾದ. ಕಮೋಡಿನ ಸೀಟು ಅವನ ಕೊರಳಿಗೆ ಸರಿಯಾಗಿ ಹಿಡಿಸಿತು.

ವೆಂಡೆಲ್ ಡೇರೆಗೆ ಬಂದು ಕುಸಿದು ಕೂತ. ಮೂವತ್ತು ಬೆಳಗು ತಪ್ಪಿತ್ತು. ಇವತ್ತು ಸಂಜೆ ಆರ್ಡಿತ್‌ಗೆ ಎಲ್ಲ ಹೇಳಿಬಿಡಬೇಕು, ಇನ್ನು ಈ ಜನ್ಮದಲ್ಲಿ ಹತ್ತಬಾರದು ಎಂದು ನಿಶ್ಚಯ ಮಾಡಿದ. ಹಸಿರು ಟೋಪಿಯವನು ಕಾರು ಹತ್ತಿ ಹೊರಟುಹೋಗುತ್ತಿದ್ದ.

"ಯಾರವನು? ತಪಾಸಣೆಯವನಾ?"

"ಅಲ್ಲ," ಎಂದಳು ಆರ್ಡಿತ್, ಅವನ ಪಕ್ಕದಲ್ಲಿ ಕೂತು. "ವಿಮಾನ ಕೊಂಡ್ಕೊಳ್ಳೋಕೆ ಬಂದಿದ್ದ. ನಾನೇ ಕರೆಸಿದ್ದೆ. ಬೈಬೇಡ ವೆಂಡೆಲ್. ವರ್ಷದಿಂದ ನಂಗೆ ಸರಿಯಾಗಿ ನಿದ್ದೆ ಇಲ್ಲ. ನೀನು ಮೇಲೆ ಹೋದಾಗಲೆಲ್ಲ ಜೀವ ಬಾಯಿಗೆ ಬರ್ತಿತ್ತು. ನಿನ್ನ ಆಸೆ, ಹೇಗೆ ಬೇಡ ಅನ್ಲಿ? ಇವತ್ತು ನೀನು ಕೊನೇಗೆ ಬಂದ್ರೆ ಮಾರ್‌ಬಿಡೋಣ ಅಂತ ಕಾಲಿಗೆ ಬಿದ್ದಾದ್ರೂ ಕೇಳೋಣ ಅಂತಿದ್ದೆ."

ವೆಂಡೆಲ್ ಕುರ್ಚಿಯನ್ನು ಅವಳ ಕಡೆಗೆ ಎಳೆದುಕೊಂಡ.

"ಆ ಅಂಗಿ ತುಂಡಿಗೆ ಚೌಕಟ್ಟು ಹಾಕಿಸಿದ್ದೂ ಹೆಮ್ಮೆಗಲ್ಲ. ನಿಂಗೇನಾದ್ರೂ ಆದ್ರೆ ಒಂದು ಗುರುತಾದ್ರೂ ಇರ್ಲಿ ಅಂತ."

"ಹಾಗಾದ್ರೆ ಆರ್ಡಿತ್, ನಾನೂ..."

"ಈಗ ಕಣ್ಣಾರೆ ನೋಡಿದ್ನಲ್ಲ, ಭಯ ಪೂರ್ತಿ ಹೋಯ್ತು. ಮಾರೋದಿಲ್ಲ ಅಂತ ಅವನನ್ನ ಕಳಿಸ್‌ಬಿಟ್ಟೆ. ತಂಗಿಗೆ ಫೋನೂ ಮಾಡಿದೆ. ಮುಂದಿನ ಶನಿವಾರ ಕೊಲೊರಾಡೋಗೆ, ಅವಳ ಮನೆಗೆ ಹಾರ್ಕೊಂಡು ಹೋಗೋಣ, ಬೆಟ್ಟಗಳನ್ನ ದಾಟ್ಕೊಂಡು. ನಾವಿಬ್ರೇ."

ಹಾಗೆಂದು ಆರ್ಡಿತ್ ಪ್ಯಾನ್‌ಕೇಕಿಗೆ ಕೈ ಹಾಕಿದಳು. ಒಂದಾಯಿತು, ಎರಡಾಯಿತು, ಮೂರನೆಯದಕ್ಕೆ ಪಾಕ ಸುರಿದುಕೊಂಡಳು. ಅವಳು ಇಷ್ಟು ನಿಶ್ಚಿಂತೆಯಿಂದ ತಿಂದಿದ್ದನ್ನು ವೆಂಡೆಲ್ ಒಂದು ವರ್ಷದಿಂದ ನೋಡಿರಲಿಲ್ಲ. ಹೇಳಬೇಕೆಂದಿದ್ದ ಮಾತು ಮತ್ತೆ ಗಂಟಲಲ್ಲೇ ಉಳಿಯಿತು. ಬೂಟಿನೊಳಗೆ ಚೆರ್ರಿ ರಸ ಅಂಟಂಟಾಗಿತ್ತು.

"ಆರ್ಡಿತ್, ಹೊರಡೋ ದಿನ ಒಂದು ಪೈ ಮಾಡ್ತೀಯಾ?"

"ತಂಗಿಗಾ?"

"ಅಲ್ಲ, ಇಳಿಸೋಕೆ," ಎಂದ ವೆಂಡೆಲ್. "ಅದೇ ಅಳತೆ ತಟ್ಟೇಲಿ ಮಾಡು. ಅರ್ಧ ಇಂಚೂ ಹೆಚ್ಚುಕಡಿಮೆ ಆಗ್ಬಾರ್ದು."

ಆರ್ಡಿತ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ವೆಂಡೆಲ್ ನಗಲಿಲ್ಲ.