ಅರ್ಧ ಮೇಜಿನ ಕೀಬೋರ್ಡು

"ನೋಡ್ತಿರು, ಇಡೀ ಆರ್.ಟಿ. ನಗರದಲ್ಲಿ ಯಾರ ಹತ್ರನೂ ಇರಬಾರದು, ಅಂಥ ಕೀಬೋರ್ಡ್ ತರ್ತೀನಿ!" ಎಂದು ಸಮರ್ಥ ಊಟದ ಮೇಜು ಗುದ್ದಿ ಘೋಷಿಸಿದ. ಗುದ್ದಿದ ರಭಸಕ್ಕೆ ಹೆಂಡತಿ ಸೌಜನ್ಯಳ ರೇಷ್ಮೆ ದಾರದ ಉಂಡೆಗಳೆಲ್ಲ ನೆಲಕ್ಕೆ ಉರುಳಿದವು.

ಆ ಮೇಜು ಗಂಡ ಹೆಂಡಿರ ಜಂಟಿ ಆಸ್ತಿ. ಒಂದು ಅರ್ಧದಲ್ಲಿ ಅವನ ವರ್ಕ್ ಫ್ರಂ ಹೋಮ್, ಇನ್ನೊಂದು ಅರ್ಧದಲ್ಲಿ ಅವಳ ಸೀರೆ ಕುಚ್ಚಿನ ಉದ್ಯಮ. ಅವನ ಹಳೆಯ ಕೀಬೋರ್ಡೋ, ಗಡಿ ದಾಟಿ ಅವಳ ಸೀಮೆಯಲ್ಲಿ ಕಾಲು ಚಾಚುವಂಥದ್ದು. ಹಾಗಾಗಿ ಚಿಕ್ಕದು ಬೇಕು, ವೈರಿಲ್ಲದ್ದು ಬೇಕು, ಒತ್ತಿದರೆ ಟಕ್ ಎನ್ನುವ ಮೆಕ್ಯಾನಿಕಲ್ಲೇ ಬೇಕು!

"ಮೊದಲು ಮಣಿ, ಆಮೇಲೆ ಕೀಬೋರ್ಡು," ಎಂದಳು ಸೌಜನ್ಯ. "ಜಕ್ಕೂರು ಲಕ್ಕಮ್ಮನವರ ಸೀರೆ ಕುಚ್ಚಿಗೆ ಜೇನುಬಣ್ಣದ ಮಣಿ ತನ್ನಿ ಅಂತ ಎಷ್ಟು ಸಲ ಹೇಳ್ಲಿ? ಭಾನುವಾರ ಸಂಜೆ ಅವರು ಬರೋದ್ರೊಳಗೆ ಬರ್ಲಿಲ್ವೋ, ನಿಮ್ಮ ಆಫೀಸು ವಾಷಿಂಗ್ ಮೆಷೀನ್ ಪಕ್ಕಕ್ಕೆ ಶಿಫ್ಟು!"

"ಚಿಕ್ಕಪೇಟೆಯಿಂದ ನಾಲ್ಕು ಮಣಿ ತರೋದು ಯಾವ ಮಹಾ ಕೆಲಸ ಕಣೇ!"

ಮಹಾ ಕೆಲಸವೇ ಆಯಿತು. ಏಕೆಂದರೆ ಮಹಾಶಯನಿಗೆ ಕೀಬೋರ್ಡಿನ ಹುಚ್ಚು ಹಿಡಿದಿತ್ತು. ಹಲ್ಲುಜ್ಜುವಾಗ ಒಂದು ವಿಡಿಯೋ, ಉಪ್ಪಿಟ್ಟು ತಿನ್ನುವಾಗ ಇನ್ನೊಂದು. ಅನುಮಾನ ಬಂದಾಗಲೆಲ್ಲ ಯಲಹಂಕದ ಗೆಳೆಯ ಆಕರ್ಷನಿಗೆ ಫೋನು.

"ಮಗಾ, ಕೀಗಳ ಕೆಳಗೆ ಬ್ಲೂ ಸ್ವಿಚ್ ಹಾಕಿದ್ರೆ ಪಕ್ಕದ ಬೀದಿಗೂ ಕೇಳುತ್ತೆ. ರೆಡ್ಡು ಸನ್ಯಾಸಿ, ಉಸಿರೇ ಎತ್ತಲ್ಲ. ನಿನ್ನಂಥ ಸಂಸಾರಸ್ಥನಿಗೆ ಬ್ರೌನೇ ಸರಿ!"

"ಕೀ ಮೇಲೆ ಅಕ್ಷರ ಇರ್ಲಾ?"

"ಅಕ್ಷರ ನೋಡಿ ಒತ್ತೋರು ಎಲ್‌ಕೆಜಿ ಮಕ್ಕಳು ಗುರು!"

ಅಕ್ಷರವಿಲ್ಲದ್ದೇ ಸೈ ಎಂದಾಯಿತು. ಇನ್ನು ಬಣ್ಣ. ಹೆಂಡತಿಯ ಬಾಯಲ್ಲಿ ಕೇಳಿ ಕೇಳಿ ಕಿವಿಯಲ್ಲೇ ಬಿಡಾರ ಹೂಡಿದ್ದ ಜೇನುಬಣ್ಣವನ್ನು ಸಮರ್ಥ ತನಗೇ ಗೊತ್ತಿಲ್ಲದೆ ಆರಿಸಿಬಿಟ್ಟ. ಬಣ್ಣ ನೆನಪಿತ್ತು, ಮಣಿ ಮರೆತುಹೋಗಿತ್ತು!

ಶನಿವಾರ ಕೀಬೋರ್ಡು ಬಂತು. ಮಣಿ ಬಾರದೆ ಕೀಬೋರ್ಡು ಬಂದಿದೆ ಎಂದರೆ ಗತಿಯೇನು? ಡಬ್ಬಿ ಸದ್ದಿಲ್ಲದೆ ಬೀರುವಿನೊಳಗೆ, ಪ್ಯಾಂಟುಗಳ ಹಿಂದೆ ಭೂಗತವಾಯಿತು. ಭಾನುವಾರ ಬೆಳಿಗ್ಗೆ ಸೌಜನ್ಯ ತರಕಾರಿಗೆ ಹೊರಟದ್ದೇ ತಡ, ಹೊರಗೆ ಬಂತು. ಆಹಾ, ಗೇಣಿಗಿಂತ ಸ್ವಲ್ಪ ದೊಡ್ಡದು! ಒತ್ತಿದರೆ ಎಂಥ ಟಕಟಕ!

ಆಕರ್ಷ್ ಫೋನಿನಲ್ಲೇ ಆಜ್ಞೆ ಮಾಡಿದ: "ಹಾಗೇ ಬಳಸಿ ಕೆಡಿಸ್ಬೇಡ ಮಗಾ! ಕೀಗಳನ್ನೆಲ್ಲ ಕಿತ್ತು ತೊಳೆದಿಡು. ಒಳಗೆ ಹಾಕೋ ಎಣ್ಣೆ ನನ್ ಹತ್ರ ಇದೆ, ಬಾ."

ಸಮರ್ಥ ಕೀಗಳನ್ನೆಲ್ಲ ಕಿತ್ತ. ಶಾಂಪೂ ಹಾಕಿ ಮಗುವಿಗೆ ಮಾಡಿಸುವಂತೆ ಅಭ್ಯಂಜನ ಮಾಡಿಸಿದ. ಸ್ಟೀಲ್ ಬೋಗುಣಿಯಲ್ಲಿ ಹಾಕಿ, ಆರಲಿ ಎಂದು ಮೇಜಿನ ಮೇಲಿಟ್ಟು, ಬೋಳು ಕೀಬೋರ್ಡನ್ನು ಬೀರುವಿಗೆ ಸೇರಿಸಿ ಯಲಹಂಕಕ್ಕೆ ಹಾರಿದ. ಒಂದು ಗಂಟೆಯಲ್ಲಿ, ಸೌಜನ್ಯ ಬರುವುದರೊಳಗೆ ಬಂದು, ಆಮೇಲೆ ಮಣಿ ತರುವುದೆಂದು ಅವನ ಅಂದಾಜು. ಆದರೆ ಇಬ್ಬರು ಕೀಬೋರ್ಡ್ ಹುಚ್ಚರು ಒಂದೆಡೆ ಕೂತರೆ ಹೊತ್ತು ಹೋಗುವುದು ಯಾರಿಗೆ ಗೊತ್ತಾಗುತ್ತದೆ! ಮನೆಗೆ ಬಂದಾಗ ಸಂಜೆಯಾಗಿತ್ತು.

ನಡುಮನೆಯಲ್ಲಿ ಲಕ್ಕಮ್ಮ ರಾಮಾ ಗ್ರೀನ್ ರೇಷ್ಮೆ ಸೀರೆಯ ಸೆರಗನ್ನು ಹೆಗಲಿಗೆ ಹೊದ್ದು ಗಿರಕಿ ಹೊಡೆಯುತ್ತಿದ್ದರು. ಸೆರಗು ಟಕಟಕ ಎನ್ನುತ್ತಿತ್ತು. ಬೋಗುಣಿ ಖಾಲಿ.

"ಏನ್ ಚಂದಾಗೈತವ್ವ! ನಮ್ ಕಡೆ ಯಾರ್ ಸೀರೆಗೂ ಇಂಗಿಲ್ಲ!" ಎಂದರು ಲಕ್ಕಮ್ಮ.

ಸಮರ್ಥ ಸೆರಗಿನತ್ತ ಬಗ್ಗಿ ನೋಡಿದ. ಎಂಟರ್ ಅಲ್ಲಿ ತೂಗುತ್ತಿದೆ, ಶಿಫ್ಟ್ ಇಲ್ಲಿ ತೂಗುತ್ತಿದೆ, ನಟ್ಟನಡುವೆ ಉದ್ದನೆಯ ಸ್ಪೇಸ್‌ಬಾರ್ ಪದಕದಂತೆ ಮೆರೆಯುತ್ತಿದೆ!

ಸೌಜನ್ಯ ಓಡಿ ಬಂದು ಅವನ ಕೈ ಹಿಡಿದಳು. "ರೀ, ಮರೆತೇಬಿಟ್ರಿ ಅಂದ್ಕೊಂಡಿದ್ದೆ. ಬೋಗುಣಿ ನೋಡಿದಾಗ ಕಣ್ಣಲ್ಲಿ ನೀರೇ ಬಂತು ಕಣ್ರೀ! ತೊಳೆದು ಬೇರೆ ಇಟ್ಟಿದೀರ!"

"ಅದು... ಅವು..."

"ಆದ್ರೆ ಅಂಗಡಿಯವನು ನಿಮಗೆ ಟೋಪಿ ಹಾಕಿದಾನೆ. ಒಂದಕ್ಕೂ ತೂತಿಲ್ಲ! ಸೂಜಿ ಕಾಯಿಸಿ ಕಾಯಿಸಿ ನಾನೇ ಮಾಡ್ಕೊಂಡೆ."

ಪ್ರತಿ ತೂತೂ ಸಮರ್ಥನ ಹೃದಯಕ್ಕೇ ಬಿದ್ದಂತಾಯಿತು. ನಿಜ ಹೇಳಿದರೆ ಮೇಜು ಹೋಗುತ್ತದೆ, ಜೊತೆಗೆ ಮದುವೆಯಾದ ಮೇಲೆ ಅಪರೂಪಕ್ಕೆ ಕಂಡ ಆ ಮುಖದ ಬೆಳಕೂ ಹೋಗುತ್ತದೆ. ಬಿಸಿ ತುಪ್ಪ! ಕಣ್ಣು ಮುಚ್ಚಿ ನುಂಗಿದ.

"ಹೂಂ ಕಣೇ. ನಿನಗೋಸ್ಕರ ಹುಡುಕಿ ಹುಡುಕಿ ತಂದೆ."

"ನೀವು ಮಾತು ಉಳಿಸ್ಕೊಂಡ್ರಿ, ನಾನೂ ಉಳಿಸ್ಕೋತೀನಿ," ಎಂದಳು ಸೌಜನ್ಯ ಉದಾರವಾಗಿ. "ಇನ್ನು ಧಾರಾಳವಾಗಿ ನಿಮ್ಮ ಕೀಬೋರ್ಡ್ ತಗೊಳ್ಳಿ. ಆದ್ರೆ ಮೊದಲು ಲಕ್ಕಮ್ಮನವರ ಮೂವರು ಸೊಸೆಯಂದಿರ ಸೀರೆಗೂ ಇದೇ ಮಣಿ ತಂದ್ಬಿಡಿ!"