ಮಗಳ ಹೈಸ್ಕೂಲೂ ನನ್ನ ಕನ್ನಡಕದ ಅಂಗಡಿಯೂ

ಮೊದಲೇ ಹೇಳಿಬಿಡುತ್ತೇನೆ, ನಾನು ಬಹಳ ಸಾಧು ಸ್ವಭಾವದ ಅಪ್ಪ. ಹೀಗೆಂದು ಬೇರೆ ಯಾರೂ ಹೇಳದ ಕಾರಣ ನಾನೇ ಹೇಳಿಕೊಳ್ಳಬೇಕಾಗಿದೆ. ನನ್ನ ಒಬ್ಬಳೇ ಮಗಳು ಅನ್ವಿಗೆ ಈಗ ಹದಿಮೂರು ನಡೆಯುತ್ತಿದೆ. ಇಷ್ಟು ವರ್ಷದಲ್ಲಿ ಒಂದು ದಿನವೂ ನಾನು ಅವಳ ಮೇಲೆ ಕೈ ಎತ್ತಿದವನಲ್ಲ. ನಮ್ಮ ಕಾಲದಲ್ಲಿ ಹೀಗಿತ್ತೇ? ನಾನು ಕಲಿತ ಶಾಲೆಯಲ್ಲಿ ಗಣಿತದ ಮಾಸ್ಟ್ರ ಬೆತ್ತಕ್ಕೆ ಎಣ್ಣೆ ಹಚ್ಚಿ ಬಿಸಿಲಿಗಿಡುವುದು ಕ್ಲಾಸ್ ಲೀಡರನ ಕೆಲಸ. ಲೀಡರ್ ನಾನು. ಎಣ್ಣೆ ಸರಿಯಾಗಿ ಹಿಡಿದಿದೆಯೇ ಎಂದು ಮಾಸ್ಟ್ರು ಪರೀಕ್ಷೆ ಮಾಡುತ್ತಿದ್ದದ್ದೂ ನನ್ನ ಅಂಗೈಯ ಮೇಲೆಯೇ. ಅದರಿಂದ ಆದ ಲಾಭ ಎಂತ ಎಂದು ಕೇಳಿದರೆ, ಇಪ್ಪತ್ತರ ಮಗ್ಗಿ ಈಗಲೂ ನಿದ್ದೆಯಲ್ಲಿ ಎಬ್ಬಿಸಿದರೂ ಬರುತ್ತದೆ. ಹಾಗೆಯೇ ಆ ಮಾಸ್ಟ್ರಂತೆ ಇಸ್ತ್ರಿ ಹಾಕಿದ ಬಿಳಿ ಅಂಗಿಯವರು ಯಾರು ಎದುರು ಬಂದರೂ ನನಗರಿವಿಲ್ಲದೆಯೇ ಎದ್ದು ನಿಲ್ಲುತ್ತೇನೆ. ಒಮ್ಮೆ ಹೀಗೆ ಎದ್ದು ಕೈಕಟ್ಟಿ ನಿಂತ ಮೇಲೆ ನೋಡಿದರೆ, ಬಂದವರು ಪಕ್ಕದ ಹೋಟೆಲಿನ ಹೊಸ ಸಪ್ಲಾಯರ್. ಚಹಾದ ಖಾಲಿ ಗ್ಲಾಸು ಕೇಳಲು ಬಂದಿದ್ದರು.

ನನ್ನದು ತೊಕ್ಕೊಟ್ಟಿನಲ್ಲಿ ಒಂದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆ ಮಾಡುವುದನ್ನೂ ಕಲಿತಿದ್ದೇನೆ. ಹೆಂಡತಿ ಸುಜಾತ ಆಸ್ಪತ್ರೆಯೊಂದರ ರಿಸೆಪ್ಶನ್ನಿನಲ್ಲಿ ಕೂರುತ್ತಾಳೆ. ಸಂಸಾರ ತಕ್ಕಮಟ್ಟಿಗೆ ಸುಖವಾಗಿತ್ತು. ಆದರೆ ಅನ್ವಿಯ ಶಾಲೆಯಲ್ಲಿ ಇರುವುದು ಏಳನೆಯ ತರಗತಿಯವರೆಗೆ ಮಾತ್ರ. ಎಂಟಕ್ಕೆ ಬೇರೆ ಕಡೆ ಸೇರಿಸಬೇಕು. ಸಾಲದ್ದಕ್ಕೆ ಕಳೆದೊಂದು ವರ್ಷದಿಂದ ಹುಡುಗಿಯ ರಥ ಹಳ್ಳಕ್ಕೆ ಇಳಿಯುತ್ತಿತ್ತು. ಗಣಿತದಲ್ಲಿ ಮಾರ್ಕು ಅರ್ಧಕ್ಕರ್ಧ. ಒಂದು ಸಂಜೆ ಮನೆಯ ಕಡೆಯ ಬಸ್ಸು ಬಿಟ್ಟು ಉಳ್ಳಾಲದ ಬಸ್ಸು ಹತ್ತಿ, ಕಡಲ ಬದಿಯವರೆಗೆ ಹೋಗಿ ಕಂಡಕ್ಟರನ ಫೋನಿನಿಂದ ಕರೆ ಮಾಡಿದಳು. ಮತ್ತೊಂದು ದಿನ ನನ್ನ ದೊಡ್ಡಮ್ಮ ರಸ್ತೆಯ ಆಚೆಯಿಂದ ಕೈ ಬೀಸಿದರೆ ಇವಳು ಮುಖ ತಿರುಗಿಸಿ ಹೋದಳಂತೆ. "ಗೇಣುದ್ದ ಇಲ್ಲ, ಎಂತ ಅಹಂಕಾರ ಮಾರಾಯ ನಿನ್ನ ಮಗಳಿಗೆ!" ಎಂದು ದೊಡ್ಡಮ್ಮ ಫೋನಿನಲ್ಲಿ ಮುಕ್ಕಾಲು ಗಂಟೆ ಅತ್ತರು. ಇಂಥ ಪ್ರತಿಯೊಂದು ಸಂದರ್ಭದಲ್ಲೂ ನಾನು ಬೈಯದೆ, ಹೊಡೆಯದೆ, ಅನ್ವಿಯನ್ನು ಎದುರು ಕೂರಿಸಿ ಪ್ರೀತಿಯಿಂದ ನಾಲ್ಕು ಬುದ್ಧಿಮಾತು ಹೇಳಿದೆ. ಎಲ್ಲದಕ್ಕೂ ಮೊಬೈಲೇ ಮೂಲ ಎಂಬುದನ್ನು ಉದಾಹರಣೆಗಳ ಸಹಿತ ವಿವರಿಸಿದೆ. ಅವಳು ತಲೆ ತಗ್ಗಿಸಿ ಪೂರ್ತಿ ಕೇಳಿದಳು.

"ನಿಮ್ಮ ಈ ಮುದ್ದಿನಿಂದಲೇ ಅವಳು ಹೀಗಾದದ್ದು," ಎಂದಳು ಸುಜಾತ. "ಅವಳನ್ನು ಗುಡ್ಡದ ಶಾಲೆಗೆ ಹಾಕುವ. ಅಲ್ಲಿ ಶಿಸ್ತು ಉಂಟು."

ಗುಡ್ಡದ ಶಾಲೆ ಎಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿನ ಮಕ್ಕಳ ಕಾಲುಚೀಲ ಸಂಜೆಯವರೆಗೂ ಕೆಳಗೆ ಜಾರುವುದಿಲ್ಲ, ಅಷ್ಟು ಹೆದರಿಕೆ. ಇನ್ನೊಂದು ಶಾಲೆ ಗೇರು ತೋಟದ ನಡುವೆ ಇದೆ. ಅದಕ್ಕೆ ನಾವು ಗೇರುಮರದ ಶಾಲೆ ಎನ್ನುತ್ತೇವೆ. ಅಲ್ಲಿ ಬೆಲ್ ಇಲ್ಲ, ರ‍್ಯಾಂಕ್ ಇಲ್ಲ, ಶಿಕ್ಷೆ ಇಲ್ಲ, ಟೀಚರುಗಳನ್ನು ಮಕ್ಕಳು ಅಕ್ಕ ಎಂದು ಕರೆಯುತ್ತಾರೆ. ನನ್ನ ಒಲವು ಅತ್ತ. ಬೆತ್ತಕ್ಕೆ ಎಣ್ಣೆ ಹಚ್ಚಿದವನ ಮಗಳಾದರೂ ಗೇರುಮರದ ಕೆಳಗೆ ಕೂತು ಕಲಿಯಲಿ ಎಂಬ ಆಸೆ. ಆದರೆ ಒಳಗೊಳಗೇ ಪುಕುಪುಕು. ಅಲ್ಲಿ ಹೋಗಿ ಇವಳು ಪೂರ್ತಿ ಕೈಬಿಟ್ಟು ಹೋದರೆ? ಎಸ್ಸೆಸ್ಸೆಲ್ಸಿ ಪರೀಕ್ಷೆಯವರು ಇವಳನ್ನು ಅಕ್ಕ ಎಂದು ಮಾತಾಡಿಸುತ್ತಾರೆಯೇ? ಇತ್ತ ಗುಡ್ಡದ ಶಾಲೆಗೆ ಹಾಕಿ, ಈಗಲೇ ಮಾತು ಕಡಿಮೆಯಾಗಿರುವ ಹುಡುಗಿ ಬಾಯಿಯನ್ನೇ ಮುಚ್ಚಿಬಿಟ್ಟರೆ? ನಿಜ ಹೇಳುತ್ತೇನೆ, ಆ ದಿನಗಳಲ್ಲಿ ಅವಳ ಸಪ್ಪೆ ಮುಖ ನೋಡಿದರೆ ನನಗೆ ಮೀನಿನ ಗಸಿಯೂ ರುಚಿಸುತ್ತಿರಲಿಲ್ಲ.

ಶಾಲೆಗಳ ಬಗ್ಗೆ ನನ್ನ ಹತ್ತಿರ ಬೇರೆಯವರ ಹತ್ತಿರ ಇಲ್ಲದ ಒಂದು ಸಾಕ್ಷ್ಯ ಇತ್ತು, ಮುರಿದ ಕನ್ನಡಕಗಳು. ಎರಡೂ ಶಾಲೆಯ ಮಕ್ಕಳು ಕನ್ನಡಕ ಮುರಿದರೆ ಬರುವುದು ನನ್ನಲ್ಲಿಗೇ. ಗುಡ್ಡದ ಶಾಲೆಯ ಮಕ್ಕಳು ಬಾಗಿಲ ಹತ್ತಿರ ನಿಂತು, ಅತ್ತಿತ್ತ ನೋಡಿ, ಕರ್ಚೀಫಿನಲ್ಲಿ ಸುತ್ತಿದ ಫ್ರೇಮನ್ನು ಕಳ್ಳಮಾಲಿನ ಹಾಗೆ ಮುಂದೆ ಚಾಚುತ್ತಾರೆ. "ಅಂಕಲ್, ಐದು ಗಂಟೆಯ ಬಸ್ಸಿಗೆ ಮೊದಲು ಆಗ್ತದಾ? ಮನೆಯಲ್ಲಿ ಹೇಳ್ಬೇಡಿ, ಶಾಲೆಯಲ್ಲೂ ಹೇಳ್ಬೇಡಿ." ಹೇಗೆ ಮುರಿಯಿತು ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, ಗಾಳಿಗೆ ಬಿತ್ತು. ಆ ಗುಡ್ಡದಲ್ಲಿ ಅಂಥ ಗಾಳಿ ಎಲ್ಲಿಂದ ಬರುತ್ತದೆ ಎಂದು ದೇವರಿಗೇ ಗೊತ್ತು. ಆದರೆ ಹೇಳಿದ ಹೊತ್ತಿಗೆ ಸರಿಯಾಗಿ ಬಂದು, ಥ್ಯಾಂಕ್ಯೂ ಹೇಳಿ ತೆಗೆದುಕೊಂಡು ಹೋಗುತ್ತಾರೆ. ಗೇರುಮರದ ಶಾಲೆಯವರದ್ದು ಬೇರೆಯೇ ಗಮ್ಮತ್ತು. ಅಪ್ಪ ಅಮ್ಮನ ಸಮೇತ ನಗುತ್ತಾ ಬಂದು, "ಅಂಕಲ್, ಇದರ ಮೇಲೆ ನಾನು ಕೂತೆ!" ಎಂದು ಸಂತೋಷದಿಂದ ಹೇಳುತ್ತಾರೆ. ಸುಳ್ಳೇ ಇಲ್ಲ. ರಿಪೇರಿ ಮಾಡಿಟ್ಟರೆ ಮತ್ತೆ ಬರುವುದೂ ಇಲ್ಲ. ನನ್ನ ಡ್ರಾಯರಿನಲ್ಲಿ ಆ ಶಾಲೆಯ ಹನ್ನೊಂದು ಕನ್ನಡಕ ಈಗಲೂ ಬಿದ್ದಿವೆ. ಒಂದು ಶಾಲೆ ಸುಳ್ಳು ಹೇಳುವ ಶಿಸ್ತಿನವರನ್ನು, ಇನ್ನೊಂದು ಶಾಲೆ ಸತ್ಯ ಹೇಳುವ ಮರೆಗುಳಿಗಳನ್ನು ತಯಾರು ಮಾಡುತ್ತದೆ ಎಂಬಲ್ಲಿಗೆ ನನ್ನ ಸಂಶೋಧನೆ ನಿಂತಿತು.

ಪಕ್ಕದ ಅಂಗಡಿಯ ಹಮೀದಾಕನ ಅಭಿಪ್ರಾಯ ಕೇಳಿದೆ. ಅವರದ್ದು ಶಾಲೆಯ ಬ್ಯಾಗು, ಕೊಡೆಗಳ ವ್ಯಾಪಾರ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಹಿರಿಯರು. ಅವರು ಯೋಚಿಸಿ ಮಾತಾಡುವ ಜನ. "ನಾನು ದೊಡ್ಡವನನ್ನು ಗುಡ್ಡಕ್ಕೆ ಹಾಕಿದೆ, ಸಣ್ಣವನನ್ನು ಗೇರುಮರಕ್ಕೆ ಹಾಕಿದೆ ದಿನೇಶಣ್ಣ. ಒಂದಲ್ಲ ಒಂದು ಸರಿ ಆಗ್ಬೇಕಲ್ಲ?"

"ಯಾವುದು ಸರಿ ಆಯ್ತು?"

"ಎಂತ ಹೇಳುವುದು ಮಾರಾಯ್ರೆ. ಇಬ್ಬರೂ ಮನೆಯಲ್ಲಿ ನನ್ನ ಮಾತು ಕೇಳುವುದಿಲ್ಲ. ದೊಡ್ಡವನು ಎದ್ದು ನಿಂತು ಕೇಳುವುದಿಲ್ಲ, ಸಣ್ಣವನು ಮಲಗಿಕೊಂಡು ಕೇಳುವುದಿಲ್ಲ."

ಕೊನೆಗೆ ಎರಡೂ ಶಾಲೆಯನ್ನು ಕಣ್ಣಾರೆ ನೋಡಿ ತೀರ್ಮಾನಿಸುವುದೆಂದಾಯಿತು. ಮೊದಲು ಗೇರುಮರದ ಶಾಲೆಗೆ ಹೋದೆವು. ಅಲ್ಲಿನ ಮುಖ್ಯಸ್ಥೆಯನ್ನೂ ಅಕ್ಕ ಎಂದೇ ಕರೆಯಬೇಕು. ನನಗಿಂತ ಚಿಕ್ಕವರು, ಆದರೂ ಕರೆದೆ. ನಮ್ಮನ್ನು ಚಾಪೆಯ ಮೇಲೆ ಕೂರಿಸಿ, ಕಣ್ಣು ಮುಚ್ಚಿ ನಿಮ್ಮ ಬಾಲ್ಯದ ಒಂದು ಸುಂದರ ಕ್ಷಣ ನೆನಪಿಸಿಕೊಳ್ಳಿ ಎಂದರು. ನನಗೆ ಬೆತ್ತ ಬಿಟ್ಟು ಬೇರೆ ಎಂತದೂ ನೆನಪಾಗಲಿಲ್ಲ. ಸುಜಾತ ಎರಡು ನಿಮಿಷದಲ್ಲಿ ನಿದ್ದೆ ಹೋದಳು, ಪಾಪ, ನೈಟ್ ಡ್ಯೂಟಿ ಮುಗಿಸಿ ಬಂದಿದ್ದಳು. ಅನ್ವಿ ಮರದ ಕೆಳಗೆ ಕೂತು ಒಂದು ಚಿತ್ರ ಬಿಡಿಸಿದಳು. ಅಕ್ಕ ಅದನ್ನು ನೋಡಿ "ತುಂಬ ಚೆನ್ನಾಗಿದೆ" ಎಂದರು. ಪಕ್ಕದ ಹುಡುಗನ ಖಾಲಿ ಹಾಳೆ ನೋಡಿ ಅದಕ್ಕೂ "ತುಂಬ ಚೆನ್ನಾಗಿದೆ" ಎಂದರು. ಇಲ್ಲಿ ತಪ್ಪು ಎನ್ನುವ ಮಾತನ್ನೇ ನಾವು ಬಳಸುವುದಿಲ್ಲ, ಇನ್ನೊಂದು ಬಗೆಯ ಸರಿ ಎನ್ನುತ್ತೇವೆ ಎಂದು ನನಗೆ ವಿವರಿಸಿದರು.

"ಮತ್ತೆ ಏಳೆಂಟ್ಲಿ ಐವತ್ತನಾಲ್ಕು ಅಂತ ಬರೆದರೆ?" ಎಂದೆ. ಮಗ್ಗಿಯ ವಿಷಯದಲ್ಲಿ ನನಗೆ ಸುಮ್ಮನಿರಲು ಆಗುವುದಿಲ್ಲ.

"ಅದು ಆ ಮಗುವಿನ ಐವತ್ತಾರು," ಎಂದರು ಅಕ್ಕ, ನಗುತ್ತಾ.

ನನ್ನ ಅಂಗೈ ಚುರುಚುರು ಎಂದಿತು. ಹಾಗೆಂದು ಮನಸ್ಸು ಪೂರ್ತಿ ಮುರಿಯಲಿಲ್ಲ, ಏಕೆಂದರೆ ಬಹಳ ದಿನಗಳ ನಂತರ ಅನ್ವಿ ನಕ್ಕದ್ದು ಅಲ್ಲಿಯೇ. ಮನೆಗೆ ಬರುವಾಗ ಬಸ್ಸಿನಲ್ಲಿ ನಾನು ಅವಳಿಗೆ ಸ್ವಾತಂತ್ರ್ಯ ಮತ್ತು ಸ್ವೇಚ್ಛೆಗೆ ಇರುವ ವ್ಯತ್ಯಾಸ ಹೇಳಿಕೊಟ್ಟೆ. ಸ್ಟಾಪು ಬರುವಷ್ಟರಲ್ಲಿ ನಗು ನಿಂತಿತ್ತು.

ಮುಂದಿನ ಶನಿವಾರ ಬೆಳಿಗ್ಗೆ ಗುಡ್ಡದ ಶಾಲೆಯ ಪ್ರವೇಶ ಪರೀಕ್ಷೆ. ಗೇಟಿನಲ್ಲಿ ವಾಚ್‌ಮ್ಯಾನ್ ನನ್ನ ಅಂಗಿಯ ಮೇಲಿನ ಗುಂಡಿ ಹಾಕಿಸಿಯೇ ಒಳಗೆ ಬಿಟ್ಟ. ಕಾರಿಡಾರಿನ ಗೋಡೆಯಲ್ಲಿ ಇಪ್ಪತ್ತೊಂದು ನಿಯಮಗಳ ಬೋರ್ಡು. ಹದಿನಾಲ್ಕನೆಯದು, ನಗುವಾಗ ಶಬ್ದ ಮಾಡಬಾರದು. ಹೆಡ್‌ಮಿಸ್ ಬಂದರು. ಗಂಜಿ ಹಾಕಿದ ಬಿಳಿ ಹತ್ತಿ ಸೀರೆ. ಮತ್ತೆ ಹೇಳಬೇಕೇ, ನಾನು ಎದ್ದು ಕೈಕಟ್ಟಿದೆ. ಮಕ್ಕಳನ್ನು ಕ್ಲಾಸಿನಲ್ಲಿ ಕೂರಿಸಿ, ಬೋರ್ಡಿನಲ್ಲಿ ಹತ್ತು ಲೆಕ್ಕ ಬರೆದರು. ಅನ್ವಿಗೆ ಸಿಕ್ಕಿದ್ದು ಕೊನೆಯ ಬೆಂಚು. ಒಂದು ಗಂಟೆಯ ನಂತರ ನಮ್ಮನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಅವಳ ಉತ್ತರ ಪತ್ರಿಕೆ ಇತ್ತು. ಹತ್ತರಲ್ಲಿ ಆರು ತಪ್ಪು. ಸುಜಾತ ನನ್ನನ್ನು ನೋಡಿದಳು, ನಾನು ಅನ್ವಿಯನ್ನು ನೋಡಿದೆ, ಅನ್ವಿ ನೆಲ ನೋಡಿದಳು.

"ಕೂಡಿಸಿದ್ದು ಸರಿ ಉಂಟು, ಕಳೆದದ್ದು ಸರಿ ಉಂಟು, ಭಿನ್ನರಾಶಿ ಕೂಡ ಸರಿ ಉಂಟು," ಎಂದರು ಹೆಡ್‌ಮಿಸ್. "ಆದರೆ ಇವು ನಾನು ಬೋರ್ಡಿನಲ್ಲಿ ಬರೆದ ಲೆಕ್ಕಗಳಲ್ಲ. ನಾನು ಮೂರು ಬರೆದಲ್ಲಿ ಇವಳು ಎಂಟು ಬರೆದುಕೊಂಡಿದ್ದಾಳೆ. ಆಮೇಲೆ ಆ ಎಂಟನ್ನು ಸರಿಯಾಗಿಯೇ ಕೂಡಿಸಿದ್ದಾಳೆ." ಮತ್ತೆ ಅನ್ವಿಯ ಕಡೆ ತಿರುಗಿದರು. "ಮಗಾ, ಆಚೆ ಗೋಡೆಯಲ್ಲಿ ಗಡಿಯಾರ ಉಂಟಲ್ಲ, ಗಂಟೆ ಎಷ್ಟು?"

ಅನ್ವಿ ಕಣ್ಣು ಕಿರಿದು ಮಾಡಿ ನೋಡಿದಳು. "ದುಂಡಗೆ ಒಂದು ಉರುಟು ಕಾಣ್ತದೆ ಮಿಸ್. ಮುಳ್ಳು ಕಾಣುವುದಿಲ್ಲ."

"ಯಾವಾಗಿನಿಂದ?"

"ಆರನೇ ಕ್ಲಾಸಿನಿಂದ."

"ಬಾಯಿ ಇಲ್ವಾ ನಿನಗೆ? ಕಾಣದಿದ್ರೆ ಕಾಣುವುದಿಲ್ಲ ಅಂತ ಹೇಳ್ಬೇಕು! ಮನೆಯಲ್ಲಿ ಯಾಕೆ ಹೇಳಲಿಲ್ಲ?" ಹೆಡ್‌ಮಿಸ್ ಗುಡುಗಿದ ರಭಸಕ್ಕೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಅನ್ವಿ ನನ್ನತ್ತ ಒಮ್ಮೆ ನೋಡಿ ಹೇಳಿದಳು. "ಎಂತ ಹೇಳಿದ್ರೂ ಪಪ್ಪ ಮೊಬೈಲ್ ನೋಡಿಯೇ ಹೀಗಾದದ್ದು ಅಂತಾರೆ. ಮತ್ತೆ ಅದನ್ನೇ ಹೇಳ್ತಾ ಇರ್ತಾರೆ."

ಹೆಡ್‌ಮಿಸ್ ಅರ್ಜಿಯ ಹಾಳೆ ಎತ್ತಿಕೊಂಡರು. "ತಂದೆಯ ಉದ್ಯೋಗ, ವ್ಯಾಪಾರ ಅಂತ ಬರೆದಿದ್ದೀರಿ. ಎಂತ ವ್ಯಾಪಾರ?"

ಈ ಪ್ರಶ್ನೆಯನ್ನು ಜೀವನದಲ್ಲಿ ಸಾವಿರ ಜನ ಕೇಳಿದ್ದಾರೆ, ನಾನು ಎದೆಯುಬ್ಬಿಸಿಯೇ ಉತ್ತರಿಸಿದ್ದೇನೆ. ಅವತ್ತು ಮಾತ್ರ ಅಂಗಿಯ ಮೇಲಿನ ಗುಂಡಿ ಮುಟ್ಟಿ ನೋಡಿಕೊಂಡೆ. "ಕನ್ನಡಕದ್ದು, ಮೇಡಂ," ಎಂದೆ. ಅವರು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಅರ್ಜಿಯನ್ನು ಮಡಚಿ ನನ್ನ ಕೈಗೆ ಕೊಟ್ಟು, "ಇಲ್ಲಿ ಸೇರಿಸುವುದು ಬಿಡುವುದು ಆಮೇಲೆ ನೋಡುವ. ಮೊದಲು ಇವಳನ್ನು ನಿಮ್ಮ ಅಂಗಡಿಗೆ ಸೇರಿಸಿ," ಎಂದರು. ನಂತರ ಅನ್ವಿಯ ತಲೆ ಸವರಿ, ಲೆಕ್ಕ ಚೆಂದ ಮಾಡ್ತಿ ಮಗಾ ಎಂದು ಹೇಳಿ, ಮುಂದಿನವರನ್ನು ಕರೆದರು.

ಗುಡ್ಡ ಇಳಿದು ಮೂವರೂ ಸೀದಾ ಅಂಗಡಿಗೆ ಬಂದೆವು. ಅಂಗಡಿಯ ಶಟರ್ ಎತ್ತಿ, ಮಗಳನ್ನು ಗಿರಾಕಿಯ ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆಯ ದಪ್ಪ ಫ್ರೇಮ್ ಅವಳ ಮೂಗಿಗೇರಿಸಿದೆ. ಗೋಡೆಯ ಚಾರ್ಟಿನಲ್ಲಿ ಎರಡು ಸಾಲು ಓದಿದಳು. ಮೂರನೆಯ ಸಾಲಿನಲ್ಲಿ ಊಹೆ ಮಾಡತೊಡಗಿದಳು, ನನಗೆ ಬೇಜಾರಾಗಬಾರದೆಂದು. ಅಲ್ಲಿಗೆ ನನಗೆ ತಡೆಯಲಾಗಲಿಲ್ಲ, ಲೆನ್ಸಿನ ಪೆಟ್ಟಿಗೆ ಹುಡುಕುವ ನೆಪದಲ್ಲಿ ಆಚೆ ತಿರುಗಿ ಕಣ್ಣೊರೆಸಿಕೊಂಡೆ. ಊರವರೆಲ್ಲರ ಕಣ್ಣು ನೋಡುವವನು ಮನೆಗೆ ಹೋದ ಮೇಲೆ ನೋಡಿದ್ದು ಬರೀ ಮಾರ್ಕು. ಅದೂ ಉತ್ತರಕ್ಕೆ ಎಳೆದ ಕೆಂಪು ಗೆರೆ ಕಂಡೆನೇ ಹೊರತು, ಅದರ ಮೇಲಿನ ಲೆಕ್ಕವನ್ನು ಒಂದು ದಿನವೂ ಓದಲಿಲ್ಲ. ಎರಡು ಕಣ್ಣಿಗೂ ಒಂದೂವರೆಗಿಂತ ಹೆಚ್ಚು ಪವರ್ ಬಂತು. ಒಂದು ಗಂಟೆಯಲ್ಲಿ ನಾನೇ ಲೆನ್ಸ್ ಕೂರಿಸಿ ಕೊಟ್ಟೆ. ಅವಳು ಹಾಕಿಕೊಂಡು ಬಾಗಿಲಿಗೆ ಹೋಗಿ, ರಸ್ತೆಯ ಆಚೆಯ ಬಸ್ಸುಗಳ ಬೋರ್ಡನ್ನು ಒಂದೊಂದಾಗಿ ಜೋರಾಗಿ ಓದತೊಡಗಿದಳು.

"ಇಷ್ಟು ದಿನ ಹೇಗೆ ಬಸ್ಸು ಹತ್ತುತ್ತಾ ಇದ್ದದ್ದು ಮಗಾ?" ಎಂದಳು ಸುಜಾತ.

"ಬಣ್ಣ ನೋಡಿ ಅಮ್ಮ."

ಸುಜಾತ ಅವಳನ್ನು ಎಳೆದು ಅಪ್ಪಿಕೊಂಡಳು. ನನಗೂ ಧೈರ್ಯ ಬಂತು. ಅಷ್ಟು ದಿನಗಳಲ್ಲಿ ಯಾರೂ ಕೇಳದ ಒಬ್ಬಳನ್ನು ಕೇಳಿದೆ. "ಅನ್ವಿ, ನಿನಗೆ ಯಾವ ಶಾಲೆ ಬೇಕು? ನೀನು ಹೇಳಿದ್ದೇ ಫೈನಲ್." ಗೇರುಮರ ಎನ್ನುತ್ತಾಳೆಂದು ನನಗೆ ಖಾತ್ರಿಯಿತ್ತು. ಅಲ್ಲಿ ನಕ್ಕದ್ದನ್ನು ನಾನು ನೋಡಿದ್ದೆನಲ್ಲ.

"ಗುಡ್ಡದ ಶಾಲೆ," ಎಂದಳು.

"ಅಲ್ಲಿ ಇಪ್ಪತ್ತೊಂದು ರೂಲ್ಸ್ ಉಂಟು! ಆ ಮಿಸ್ ಇವತ್ತು ಬೈದದ್ದು ನೋಡಿದಿಯಲ್ಲ?"

"ಅವರು ಬೈದ್ರೆ ಒಂದು ನಿಮಿಷದಲ್ಲಿ ಮುಗೀತದೆ ಪಪ್ಪಾ. ಮತ್ತೆ ಬಿಟ್ಟುಬಿಡ್ತಾರೆ. ನೀವು ಬೈಯುವುದಿಲ್ಲ, ಆದರೆ ಮುಗಿಯುವುದೂ ಇಲ್ಲ." ಕನ್ನಡಕ ಸರಿಮಾಡಿಕೊಂಡು ಸೇರಿಸಿದಳು. "ಶಾಲೆಯಲ್ಲಾದ್ರೂ ಸ್ವಲ್ಪ ಆರಾಮ ಇರಲಿ ಅಂತ."

ಇದು ತಪ್ಪು ತಿಳುವಳಿಕೆ. ಇಂಥದ್ದನ್ನು ಆಗಿಂದಾಗಲೇ ತಿದ್ದಬೇಕು ಎಂದು ನನಗೆ ಅನಿಸಿತು. ಹಾಗಾಗಿ ಮೊದಲನೆಯದಾಗಿ ಬೈಗುಳಕ್ಕೂ ಬುದ್ಧಿಮಾತಿಗೂ ಇರುವ ವ್ಯತ್ಯಾಸವನ್ನು ವಿವರಿಸಿದೆ. ಎರಡನೆಯದಾಗಿ, ನನ್ನ ಮಾಸ್ಟ್ರು ಒಂದು ನಿಮಿಷ ಹೋಗಲಿ ಅರ್ಧ ನಿಮಿಷದಲ್ಲೇ ಮುಗಿಸುತ್ತಿದ್ದರೂ ಅದರ ಪರಿಣಾಮ ಮೂವತ್ತು ವರ್ಷ ಹೇಗೆ ಉಳಿಯಿತು ಎಂಬುದನ್ನು, ಚಾರ್ಟಿನ ಕಡೆ ತಿರುಗಿ ಫ್ರೇಮುಗಳನ್ನು ಒರೆಸಿ ಜೋಡಿಸುತ್ತಾ, ನಿಧಾನಕ್ಕೆ, ಒಂದಿಷ್ಟೂ ಸಿಟ್ಟಿಲ್ಲದೆ ಹೇಳುತ್ತಾ ಹೋದೆ. ಎಷ್ಟು ಹೊತ್ತಾಯಿತೋ, ಹಮೀದಾಕ ಬಾಗಿಲಲ್ಲಿ ಇಣುಕಿದರು.

"ಯಾರ ಹತ್ರ ಮಾತಾಡ್ತಾ ಇದ್ದೀರಿ ದಿನೇಶಣ್ಣ? ಅವರಿಬ್ಬರು ಊಟಕ್ಕೆ ಅಂತ ಆಗಲೇ ಬಸ್ಸು ಹತ್ತಿದ್ರಲ್ಲ ಮಾರಾಯ್ರೆ."

ಮೂರನೆಯದು ಇನ್ನೂ ಬಾಕಿಯಿತ್ತು. ಹಮೀದಾಕನನ್ನೇ ಕುರ್ಚಿಯಲ್ಲಿ ಕೂರಿಸಿದೆ.