ಹೊಟ್ಟೆ ಇರುವ ಹೀರೋ

ವಿಡಿಯೋ ಗೇಮಿನ ಹೀರೋಗೆ ಚಿತ್ರಗಾರ ಸಣ್ಣದೊಂದು ಹೊಟ್ಟೆ ಬರೆದಿದ್ದ. ಆ ದಿನದ ರಾದ್ಧಾಂತಕ್ಕೆಲ್ಲ ಅದೇ ಮೂಲ.

ಆಟವನ್ನು ಕೊಳ್ಳಲಿದ್ದವು ಎರಡು ಕಂಪನಿಗಳು, ಒಂದು ಪಶ್ಚಿಮದ್ದು, ಇನ್ನೊಂದು ಪೂರ್ವದ್ದು. ಬೆಳಗ್ಗೆಯೇ ಮ್ಯಾನೇಜರ್ ಫೋನು ಹಿಡಿದು ಬಂದ. "ಪಶ್ಚಿಮದವರಿಗೆ ಇವನು ಲೋಕ ಉಳಿಸೋ ಹಾಗೆ ಕಾಣ್ತಿಲ್ಲವಂತೆ. ತೋಳು ದಪ್ಪ ಮಾಡು. ಗಡ್ಡ ಬಿಡಿಸು. ಕೆನ್ನೆ ಮೇಲೊಂದು ಗಾಯದ ಗುರುತಿರ್ಲಿ."

ಚಿತ್ರಗಾರ ಹಲ್ಲು ಕಚ್ಚಿಕೊಂಡು ತೋಳು ಊದಿಸಿದ. ಹೀರೋ ಬಾಗಿಲಲ್ಲಿ ಸಿಕ್ಕಿಕೊಂಡ ಬೀರುವಿನಂತಾದ.

ಮಧ್ಯಾಹ್ನ ಮ್ಯಾನೇಜರ್ ಮತ್ತೆ ಹಾಜರು. "ಪೂರ್ವದವರು ಹೆದರಿಕೊಂಡುಬಿಟ್ರು ಕಣಯ್ಯ. ಗಡ್ಡ ಬೋಳಿಸು, ಸೊಂಟ ಸಣ್ಣ ಮಾಡು, ಕೂದಲು ಒಂದು ಕಣ್ಣಿನ ಮೇಲೆ ಬೀಳ್ಬೇಕು. ಗೆದ್ದ ಮೇಲೂ ಸ್ವಲ್ಪ ಬೇಜಾರಾಗೇ ಇರ್ಬೇಕಂತೆ."

ಈಗ ಹೀರೋ ಒಗೆದು ಹಿಂಡಿದ ಅಂಗಿಯಂತಾದ.

ಅಷ್ಟರಲ್ಲಿ ಕಚೇರಿಯೆಲ್ಲ ಚಿತ್ರಗಾರನ ಕುರ್ಚಿಯ ಸುತ್ತ ನೆರೆದಿತ್ತು. "ಮೇಲರ್ಧ ಅವರಿಗೆ, ಕೆಳಗರ್ಧ ಇವರಿಗೆ ಕೊಟ್ಬಿಡಪ್ಪ," ಎಂದರು ಅಕೌಂಟ್ಸ್ ಮೇಡಂ. ಅದನ್ನೂ ಮಾಡಿದ. ಕೊಕ್ಕರೆಯೊಂದು ಬೀರು ಹೊತ್ತು ನಿಂತಂತೆ ಕಂಡಿತು. ಎಲ್ಲರೂ ನಕ್ಕರು.

ಚಿತ್ರಗಾರನ ತಾಳ್ಮೆ ತಪ್ಪಿತು. "ನಮ್ಮಪ್ಪ ಬಸ್ ಓಡಿಸ್ತಿದ್ರು," ಎಂದ. "ಹೊಟ್ಟೆ ಸ್ಟಿಯರಿಂಗಿಗೆ ತಾಗೋದು. ಇಳಿಜಾರಲ್ಲಿ ಬ್ರೇಕ್ ಹೋದಾಗ ಬಸ್ ತುಂಬ ಜನರನ್ನ ಉಳಿಸಿದ್ದು ಅದೇ ಹೊಟ್ಟೆಯ ಮನುಷ್ಯ. ಅವರಿಗೆ ಗಡ್ಡ ಇರ್ಲಿಲ್ಲ. ಕಣ್ಣ ಮೇಲೆ ಬೀಳೋಕೆ ಕೂದಲೂ ಇರ್ಲಿಲ್ಲ. ಹೀರೋ ಅಂದ್ರೆ ಹಾಗೇ ಇರೋದು. ಬೇಕಾದ್ರೆ ನನ್ನನ್ನ ಕೆಲಸದಿಂದ ತೆಗೀರಿ."

ಮ್ಯಾನೇಜರ್ ಬೇಡ ಬೇಡ ಎನ್ನುತ್ತಿದ್ದಂತೆಯೇ ಚಿತ್ರಗಾರ ಹೊಟ್ಟೆಯಿದ್ದ ಮೊದಲಿನ ಚಿತ್ರವನ್ನೇ ಎರಡೂ ಕಂಪನಿಗೆ ಕಳಿಸಿ, ಕೈಕಟ್ಟಿ ಕೂತುಬಿಟ್ಟ. ನಗು ನಿಂತಿತು. ಯಾರೂ ಅವನ ಹತ್ತಿರ ಸುಳಿಯಲಿಲ್ಲ.

ಸಂಜೆ ಮ್ಯಾನೇಜರ್ ಓಡಿಬಂದ. ಮುಖ ಅರಳಿತ್ತು. "ಇಬ್ಬರೂ ಒಪ್ಪಿದ್ರು. ಒಂದು ಗೆರೆನೂ ಬದಲಾಯಿಸಬೇಡ ಅಂದ್ರು."

ಚಪ್ಪಾಳೆ ಬಿತ್ತು. ಚಿತ್ರಗಾರ ಎದೆಯುಬ್ಬಿಸಿ ಎದ್ದು ನಿಂತ.

"ಹೀರೋ ಆಗಿ ಅಲ್ಲಪ್ಪ," ಮ್ಯಾನೇಜರ್ ದನಿ ತಗ್ಗಿಸಿದ. "ಹೀರೋ ಕೈಲಿ ಒದೆ ತಿನ್ನೋನಾಗಿ. ಹೀರೋ ಹೇಗಿರ್ಬೇಕು ಅನ್ನೋದು ದೇಶಕ್ಕೊಂದು ಥರ. ಒದೆ ತಿನ್ನೋನು ಹೇಗಿರ್ಬೇಕು ಅನ್ನೋದ್ರಲ್ಲಿ ಎರಡೂ ಕಡೆ ಒಂದೇ ಮಾತು."

ಚಿತ್ರಗಾರನ ಮುಖ ಕೆಂಪಾಯಿತು. ಆದರೂ ಬಗ್ಗಲಿಲ್ಲ. "ಹಾಗಾದ್ರೆ ನಂದೊಂದು ಷರತ್ತು. ಎಷ್ಟು ಒದ್ರೂ ಅವನು ಸಾಯಬಾರದು. ಪ್ರತಿ ಸಲವೂ ಎದ್ದು ನಿಲ್ಬೇಕು."

ಮ್ಯಾನೇಜರ್ ಅವನ ಎರಡೂ ಕೈ ಹಿಡಿದುಕೊಂಡ.

"ಅವರು ಕೇಳಿದ್ದೂ ಅದನ್ನೇ ಕಣಯ್ಯ. ಒಂದೇ ಒದೆಗೆ ಸತ್ರೆ ಮಜಾನೇ ಇರಲ್ಲವಂತೆ."